ಬಿಯರಿಗಿಟ್ಟ ನೀರು

ಹೆಂಡತಿ ವಾರಕ್ಕೊಮ್ಮೆ ಮನೆಗೆ ಬಂದರೆ ಗಂಡ ಸುಖಿ ಎಂದು ಯಾರೋ ಬ್ರಹ್ಮಚಾರಿ ಹೇಳಿರಬೇಕು. ಸಾಗರದಲ್ಲಿ ಪಂಪ್‌ಸೆಟ್ಟು ರಿಪೇರಿ ಮಾಡುವ ದುರ್ಗೇಶನನ್ನು ಕೇಳಿ ನೋಡಿ. ಹೆಂಡತಿ ವಂದನಾ ಹಿನ್ನೀರಿನಾಚೆಯ ಬ್ಯಾಕೋಡಿನಲ್ಲಿ ಟೀಚರು, ವಾರವಿಡೀ ಅಲ್ಲೇ ವಾಸ. ಶನಿವಾರ ಬಂದವಳೇ ಚಪ್ಪಲಿ ಬಿಡುವ ಮೊದಲು ಪೊರಕೆ ಹಿಡಿಯುತ್ತಾಳೆ. ಬಟ್ಟೆ ಒಗೆಯುವುದು, ದೋಸೆಗೆ ರುಬ್ಬುವುದು, ಗಂಡ ವಾರವಿಡೀ ಸಾಕಿ ಸಲಹಿದ ಜೇಡಗಳ ಸಂಹಾರ, ಇಷ್ಟು ಮುಗಿಯುವಷ್ಟರಲ್ಲಿ ಸೋಮವಾರದ ಬಸ್ಸು ಬಂದಿರುತ್ತದೆ. ಒಂದೇ ಒಂದು ಸಂಜೆ ಅವಳು ಸುಮ್ಮನೆ ತನ್ನ ಪಕ್ಕ ಕೂರಬೇಕು, ದುರ್ಗೇಶನ ಆಸೆ ಅಷ್ಟೇ.

ಮದುವೆಯ ಹೊಸದರಲ್ಲಿ ಮಂಗಳೂರಿಗೆ ಹೋದಾಗ ಹಾಗೆ ಕೂತಿದ್ದಳು. ಅವನ ಗ್ಲಾಸಿನಿಂದ ಎರಡು ಗುಟುಕು ಬಿಯರ್ ಕುಡಿದು, ಮೂಗಿಗೆ ನೊರೆ ಮೆತ್ತಿಕೊಂಡು ನಕ್ಕಿದ್ದಳು. ಆ ನಗು ನೆನಪಾದರೆ ಅವನಿಗೆ ಈಗಲೂ ಊಟ ಸೇರುವುದಿಲ್ಲ. ಆದರೆ ಟೀಚರ ಗಂಡ ಊರಿನ ವೈನ್ ಶಾಪಿನ ಮುಂದೆ ನಿಂತರೆ ಸುದ್ದಿ ಅವನಿಗಿಂತ ಮೊದಲೇ ಬ್ಯಾಕೋಡು ತಲುಪುತ್ತದೆ. ಹಾಗಾಗಿ ಬಿಯರನ್ನು ಮನೆಯಲ್ಲೇ ಇಳಿಸುವ ಮಹಾಸಂಕಲ್ಪ ಮಾಡಿದ. (ಕಾನೂನು ಏನನ್ನುತ್ತದೆ ಎಂದು ಅವನು ಯಾರನ್ನೂ ಕೇಳಲಿಲ್ಲ.)

ಈ ವಿದ್ಯೆಯಲ್ಲಿ ಗುರು ತೀರ್ಥಹಳ್ಳಿಯ ಗೆಳೆಯ ಗಣೇಶ. ನಲ್ಲಿ ನೀರಿನ ಬ್ಲೀಚಿಂಗ್ ಪೌಡರು ಬಿಯರಿನ ರುಚಿ ಕೆಡಿಸುತ್ತದೆ, ಸಲ್ಫೈಟ್ ಮಾತ್ರೆ ಹಾಕಿದರೆ ತಕ್ಷಣ ಸರಿಹೋಗುತ್ತದೆ ಎಂದ. ಆದರೆ ವಂದನಾಗೆ ಸಲ್ಫೈಟ್ ಆಗಿಬರುವುದಿಲ್ಲ. ಹೋದ ವರ್ಷ, ಕೆಡದಿರಲೆಂದು ಅದನ್ನು ಹಾಕಿದ್ದ ಒಣಹಣ್ಣು ತಿಂದು ರಾತ್ರಿಯಿಡೀ ಉಬ್ಬಸಪಟ್ಟಿದ್ದಳು. ಯಾರಿಗಾಗಿ ಬಿಯರೋ ಅವಳಿಗೇ ಉಬ್ಬಸ ಬಂದರೆ ಏನು ಬಂತು?

"ಹಂಗಾರೆ ಕುದಿಸೋ ಮಾರಾಯ," ಎಂದ ಗಣೇಶ. "ಮುಚ್ಚಳ ಹಾಕ್ಬೇಡ, ವಾಸ್ನೆ ಹೊರಗೆ ಹೋಗ್ಲಿ. ಆಮೇಲೆ ಆರೋಕೆ ಬಿಡು."

ಅಷ್ಟು ನೀರು ಹಿಡಿಯುವ ಪಾತ್ರೆ ಮನೆಯಲ್ಲಿ ಒಂದೇ, ಬಚ್ಚಲ ಹಂಡೆ. ಶನಿವಾರ ದುರ್ಗೇಶ ಅದಕ್ಕೆ ಹುಣಸೆಹಣ್ಣು ಹಾಕಿ ತಿಕ್ಕಿದ. ಒಲೆ ಊದಿ ಊದಿ ಕಣ್ಣು ಕೆಂಪಾಯಿತು, ಹುಬ್ಬಿನ ಅರ್ಧ ಅಗ್ನಿಗೆ ಆಹುತಿಯಾಯಿತು. ನೀರು ಕೊತಕೊತ ಕುದ್ದು ವಾಸನೆ ಹೋದ ಮೇಲೆ ಕೆಂಡ ಎಳೆದು, ಆರಲು ಬಿಟ್ಟು, ತನ್ನ ಅಂಗಡಿಯ ಹಳೇ ಮೋಟಾರುಗಳ ಹಿಂದೆ ಬಿಯರಿಗೆಂದು ಬಚ್ಚಿಟ್ಟಿದ್ದ ಬಾರ್ಲಿ ಮಾಲ್ಟ್ ತರಲು ಹೋದ.

ಬರುವಷ್ಟರಲ್ಲಿ ಬಚ್ಚಲ ಬಾಗಿಲು ಒಳಗಿಂದ ಚಿಲಕ ಹಾಕಿತ್ತು. ವಂದನಾ ಬೇಗ ಬಂದುಬಿಟ್ಟಿದ್ದಳು. ಒಳಗೆ ಚೊಂಬಿನ ಮೇಲೆ ಚೊಂಬು ನೀರು ಸುರಿಯುವ ಸದ್ದು. ಒಂದೊಂದು ಚೊಂಬನ್ನೂ ದುರ್ಗೇಶ ಹೊರಗೆ ನಿಂತು ಎಣಿಸಿದ. ಕೊನೆಗೆ ಖಾಲಿ ಹಂಡೆಯ ತಳಕ್ಕೆ ಚೊಂಬು ತಾಗಿ ಠಣ್ ಎಂದಿತು. ಅವನು ಮಾಲ್ಟಿನ ಚೀಲವನ್ನು ಮಂಚದ ಕೆಳಗೆ ತಳ್ಳಿದ.

ತಲೆಗೆ ಟವೆಲ್ ಸುತ್ತಿಕೊಂಡು ಬಂದ ವಂದನಾ ಪೊರಕೆಯ ಕಡೆ ತಿರುಗಿಯೂ ನೋಡಲಿಲ್ಲ. ಜಗಲಿಯಲ್ಲಿ ಅವನ ಪಕ್ಕವೇ ಕೂತಳು. ಅವನ ಅರ್ಧ ಹುಬ್ಬನ್ನು ಸ್ವಲ್ಪ ಹೊತ್ತು ನೋಡಿದಳು.

"ಮದ್ವೆಯಾದಾಗಿಂದ ಎಲ್ಲರ ಸ್ನಾನಕ್ಕೂ ನಾನೇ ಬೆಂಕಿ ಹಾಕಿದ್ದು," ಎಂದಳು. "ನಂಗೆ ಅಂತ ಒಬ್ರು ನೀರು ಕಾಯಿಸಿಟ್ಟಿದ್ದು ಇವತ್ತೇ ರೀ." ಕಣ್ಣು ತುಂಬಿತ್ತು.

ನಿಜವನ್ನು ದುರ್ಗೇಶ ಮಾಲ್ಟಿನ ಚೀಲದ ಜೊತೆ ಮಂಚದ ಕೆಳಗೇ ಬಿಟ್ಟ. ಇಷ್ಟು ಸಣ್ಣದಕ್ಕೆ ಇವಳು ಇಷ್ಟು ವರ್ಷ ಕಾದಿದ್ದಳಲ್ಲ ಎಂದು ಅವನಿಗೆ ಸಂಕಟವಾಯಿತು. ಕತ್ತಲಾಗುವವರೆಗೂ ಅವಳು ಶಾಲೆಯ ಮಕ್ಕಳ ಸುದ್ದಿ ಹೇಳುತ್ತ ಕೂತಿದ್ದಳು, ಎರಡು ಸಲ ನಕ್ಕಳು. ಏಳುವಾಗ, ಮುಂದಿನ ವಾರ ಅಮ್ಮ, ಚಿಕ್ಕಮ್ಮ ಇಬ್ಬರೂ ಬರುತ್ತಾರೆ, ನೀವು ನೀರು ಕಾಯಿಸುತ್ತೀರಿ ಎಂದು ಆಗಲೇ ಫೋನಿನಲ್ಲಿ ಹೇಳಿದ್ದೇನೆ, ಸೌದೆ ಸ್ವಲ್ಪ ಜಾಸ್ತಿ ಒಡೆದಿಡಿ ಎಂದಳು.

ಮರುದಿನ ಗಣೇಶನ ಫೋನು ಬಂತು. ನೀರು ಏನಾಯಿತೆಂದು ಕೇಳಿದ. ಬಚ್ಚಲಿಗೆ ಹೋಯಿತು ಎಂದ ದುರ್ಗೇಶ, ಕೊಡಲಿ ಪಕ್ಕಕ್ಕಿಟ್ಟು.

"ಥೋ, ಮತ್ತೆ ಬಿಯರು?"

"ಬ್ಯಾಡ ಮಾರಾಯ. ಅವಳು ಬರೀ ನೀರಿಗೇ ಬಂದು ಕೂತ್ಲು."