ಹಪ್ಪಳಕ್ಕೊಂದು ಪುಸ್ತಕ

ನನ್ನ ಅತ್ತೆಯನ್ನು ಕಂಡರೆ ಪುಸ್ತಕದ ಅಂಗಡಿಯವರು ಶಟರ್ ಎಳೆಯುತ್ತಾರೆ ಎಂದರೆ ನೀವು ನಂಬಲಿಕ್ಕಿಲ್ಲ. ಆನ್‌ಲೈನ್ ಅಂಗಡಿಗಳಿಗೆ ಎಳೆಯಲು ಶಟರ್ ಇಲ್ಲ, ಅದು ಅವುಗಳ ಗ್ರಹಚಾರ! ಹೊಸ ಪುಸ್ತಕ ಕೊಳ್ಳುವುದೆಂದರೆ, ಅತ್ತೆಯ ಪ್ರಕಾರ, ಕಾಪುವಿನ ಕಡಲ ಬದಿಯಲ್ಲಿ ಕುಳಿತು ಉಪ್ಪು ಆರ್ಡರ್ ಮಾಡಿದ ಹಾಗೆ. ಮನೆಗೆ ಬಂದ ಪುಸ್ತಕ ಓದಿ ಮುಗಿದ ಮೇಲೆ ಇನ್ನೊಬ್ಬರಿಗೆ ದಾಟಲೇಬೇಕು ಎಂಬುದು ಅವರ ಕಾನೂನು. ಅವರ ಮದುವೆಯ ಹೊಸತರಲ್ಲಿ ಮಾವ ಒಂದು ಸಂಜೆ ಮಲ್ಲಿಗೆಯ ಜೊತೆ ತಂದುಕೊಟ್ಟ ದಪ್ಪ ಕಾದಂಬರಿಯೊಂದಕ್ಕೆ ಮಾತ್ರ ಈ ಕಾನೂನಿನಿಂದ ವಿನಾಯಿತಿ. ಮಾವ ತೀರಿಕೊಂಡ ಮೇಲೂ ಅದರ ಜಾಗ ಅತ್ತೆಯ ತಲೆದಿಂಬಿನ ಪಕ್ಕವೇ.

ಮದುವೆಯಾಗಿ ವರ್ಷಗಳೇ ಕಳೆದ ಮೇಲೆ ನನಗೆ ಉಡುಪಿಯಲ್ಲಿ ಬಿ.ಎಡ್. ಸೀಟು ಸಿಕ್ಕಿತು. ಈ ಸಲ ತಪ್ಪಿದರೆ ಟೀಚರ್ ಆಗುವ ಆಸೆಗೆ ಎಳ್ಳುನೀರು! ಪುಸ್ತಕ ತರಿಸೋಣವೆಂದು ಮೊಬೈಲ್ ಹಿಡಿದೆನೋ ಇಲ್ಲವೋ, ಅಡುಗೆಮನೆಯಿಂದ ಕೂಗು ಬಂತು.

“ಅದನ್ನು ಕೆಳಗಿಡು ಮಾರಾಯ್ತಿ! ಊರಲ್ಲಿ ಓದಿ ಬಿಟ್ಟದ್ದೇ ರಾಶಿ ಉಂಟು.”

ಪರೀಕ್ಷೆ ಮುಗಿದು ಮಣಿಪಾಲದ ಹಾಸ್ಟೆಲುಗಳು ಖಾಲಿಯಾಗುವ ಹೊತ್ತು. ಅತ್ತೆ ಹಲಸಿನ ಹಪ್ಪಳದ ಡಬ್ಬಿ ಹಿಡಿದು ಗೇಟಿನಲ್ಲಿ ನಿಂತರು. ಪುಸ್ತಕ ಗುಜರಿಗೆ ಹಾಕಲು ಹೊರಟ ಹುಡುಗರನ್ನೆಲ್ಲ ತಡೆದು ಹಪ್ಪಳ ಕೊಟ್ಟರು, ಪುಸ್ತಕ ತೆಗೆದುಕೊಂಡರು. ಎಲ್ಲೆಲ್ಲಿಂದಲೋ ಬಂದ ಆ ಮಕ್ಕಳಿಗೆ ಕನ್ನಡ ಬರುತ್ತದೆಯೇ ಎಂದು ಕೇಳಿದೆ. “ಹಪ್ಪಳ ತಿನ್ನಲಿಕ್ಕೆ ಭಾಷೆ ಎಂತಕ್ಕೆ?” ಎಂದರು. ಬಿ.ಎಡ್.ಗೆ ಮನಶ್ಶಾಸ್ತ್ರದ ಪುಸ್ತಕವೂ ಬೇಕು ಎಂದಿದ್ದೆ, ಎರಡು ಕೈಯಲ್ಲೂ ಎತ್ತಲಾಗದ ಒಂದನ್ನು ತಂದು ಮೇಜಿನ ಮೇಲಿಟ್ಟರು.

“ಅತ್ತೆ, ಇದು ಹುಚ್ಚಿಗೆ ಮದ್ದು ಕೊಡುವ ಡಾಕ್ಟರುಗಳದ್ದು!”

“ಇರಲಿ. ಶಾಲೆಗೆ ಹೋಗಲಿಕ್ಕೆ ಶುರು ಮಾಡಿದ ಮೇಲೆ ನಿನಗೇ ಬೇಕಾಗ್ತದೆ.”

ಮುಂದಿನ ದಾಳಿ ಕಟಪಾಡಿಯ ಗುಜರಿ ಅಂಗಡಿಗೆ. ಮಗುಚಿ ಹಾಕಿದ ಬಕೆಟಿನ ಮೇಲೆ ಕುಳಿತು ಅತ್ತೆ ರದ್ದಿ ಜಾಲಾಡಿದರು. ಗೀಟು ಹಾಕಿದ ಪುಸ್ತಕಗಳೇ ಅವರಿಗೆ ಇಷ್ಟ, ಯಾರೋ ಅರ್ಧ ಓದಿಕೊಟ್ಟ ಹಾಗಂತೆ! “ನೀವು ಬಂದರೆ ನನ್ನದು ಗುಜರಿ ಅಂಗಡಿಯಾ, ಲೈಬ್ರರಿಯಾ ಅಂತ ನನಗೇ ಗೊತ್ತಾಗುವುದಿಲ್ಲ ಅಮ್ಮಾ” ಎಂದು ಅಂಗಡಿಯ ಬ್ಯಾರಿ ಸಾಹೇಬರು ಚಹಾ ತರಿಸಿದರು. ಅಲ್ಲಿ ಎಲ್ಲವೂ ಸಿಕ್ಕಿತು, ಮನಶ್ಶಾಸ್ತ್ರ ಒಂದನ್ನು ಬಿಟ್ಟು.

ಅದು ಕಾರ್ಕಳದ ನಿವೃತ್ತ ಟೀಚರೊಬ್ಬರಲ್ಲಿತ್ತು. ಫೋನ್ ಮಾಡಿದರೆ, “ಮಾರುವುದಿಲ್ಲ. ಒಂದು ಒಳ್ಳೆಯ ಕಾದಂಬರಿ ಕೊಟ್ಟು ತೆಗೆದುಕೊಂಡು ಹೋಗಿ” ಎಂದರು. ಹಪ್ಪಳ ಅಲ್ಲಿ ನಡೆಯುವ ಹಾಗಿರಲಿಲ್ಲ. ಇನ್ನು ಆರ್ಡರ್ ಮಾಡುವುದೇ ಎಂದು ನಾನು ಕುಳಿತಿದ್ದರೆ, ಅತ್ತೆ ಬಸ್ಸು ಹತ್ತಿ ಹೋಗಿ ಸಂಜೆಗೆ ಪುಸ್ತಕದೊಂದಿಗೆ ಬಂದೇಬಿಟ್ಟರು. ನಾನು ಓಡಿ ಹೋಗಿ ನೋಡಿದೆ. ತಲೆದಿಂಬಿನ ಪಕ್ಕ ಖಾಲಿ!

“ಅತ್ತೆ, ಅದು ಮಾವ ಕೊಟ್ಟದ್ದಲ್ವಾ?”

“ನನಗೆ ಅದು ಬಾಯಿಪಾಠ ಉಂಟು. ನಿನ್ನ ಪಾಠ ನಿನಗೆ ಬಾಯಿಪಾಠ ಇಲ್ಲವಲ್ಲ. ಓದು.”

ನನಗೆ ಅಳು ಬಂತು. ಅದನ್ನು ಅಡಗಿಸಿಕೊಳ್ಳಲು, “ಹಾಗಾದರೆ ಕಥೆ ಹೇಳಿ, ನೋಡುವ” ಎಂದೆ. ಅತ್ತೆ ಕಾಲು ಚಾಚಿ ಕುಳಿತು ಶುರು ಮಾಡಿದರು. ಆ ಕಾದಂಬರಿಯನ್ನು ನಾನೂ ಓದಿದ್ದೆ. ಕಥಾನಾಯಕ ಅರ್ಧದಲ್ಲೇ ಸಾಯುತ್ತಾನೆ. ಅತ್ತೆಯ ಬಾಯಿಪಾಠದಲ್ಲಿ ಅವನು ಸಾಯಲಿಲ್ಲ. ಸಂಜೆಯ ಬಸ್ಸಿಳಿದು, ಮಲ್ಲಿಗೆ ಕಟ್ಟಿಸಿಕೊಂಡು, ಮನೆಗೆ ಬಂದ.

ನಾನು ತಿದ್ದಲಿಲ್ಲ. “ಹೂಂ, ಮತ್ತೆ?” ಎಂದೆ.