ಬಲಗಡೆಯ ಹೂವೂ ಸರ್ಕಾರದ ಮೊಹರೂ

ದೇವರು, ಸರ್ಕಾರ, ಸಂತೆಯ ವೈದ್ಯ ಈ ಮೂವರಲ್ಲಿ ಯಾರನ್ನೂ ನಾನು ನಂಬುವುದಿಲ್ಲವೆಂದು ಬಹಳ ವರ್ಷ ಹೇಳಿಕೊಂಡು ತಿರುಗಿದ್ದೇನೆ. ಹೇಳಿಕೊಂಡು ತಿರುಗಿದ್ದೇನೆ ಎಂಬ ಮಾತಿನಲ್ಲೇ ನಿಮಗೆ ಅನುಮಾನ ಹುಟ್ಟಬೇಕು. ನಿಜವಾಗಿ ನಂಬದವನು ಅದನ್ನು ಹೋಟೆಲಿನಲ್ಲಿ ಕುಳಿತು ದಿನಾ ಸಾರುವುದಿಲ್ಲ. ಕಾಫಿ ಕುಡಿದು ಸುಮ್ಮನೆ ಎದ್ದು ಹೋಗುತ್ತಾನೆ. ನಾನಾದರೋ ಬಂಗಾರಪೇಟೆ ಸ್ಟೇಷನ್ನಿನ ಎದುರಿನ ಹೋಟೆಲಿನಲ್ಲಿ, ಗಣಿಯ ಕಡೆಗೆ ಹೋಗುವ ರೈಲಿಗೆ ಕಾಯುತ್ತಿದ್ದವರನ್ನೆಲ್ಲ ಕೂರಿಸಿಕೊಂಡು ಕಲ್ಲು ಕಲ್ಲೇ ಎಂದೂ, ಕಾಗದ ಕಾಗದವೇ ಎಂದೂ, ಸಂತೆಯ ತೈಲ ಬರೀ ಹರಳೆಣ್ಣೆಯೆಂದೂ ಉಪದೇಶ ಮಾಡುತ್ತಿದ್ದೆ. ಪಾಪ, ಅವರಿಗೆ ರೈಲು ಬರುವವರೆಗೆ ಬೇರೆ ಗತಿ ಇರಲಿಲ್ಲ. ಇದರಲ್ಲಿ ಇನ್ನೊಂದು ತಮಾಷೆಯೆಂದರೆ ನನಗೆ ಅನ್ನ ಹಾಕುತ್ತಿದ್ದದ್ದು ಆ ಸರ್ಕಾರವೇ. ನಾನು ದಾಕು ಹಾಕುವವನು. ಸಿಡುಬು ಬಾರದಿರಲೆಂದು ಮಕ್ಕಳ ತೋಳಿನ ಮೇಲೆ ಗೀರಿ, ಗಾಜಿನ ಕೊಳವೆಯಲ್ಲಿದ್ದ ಮದ್ದನ್ನು ಅಲ್ಲಿ ಸವರುವುದು ನನ್ನ ಉದ್ಯೋಗ. ಒಂದು ಸೈಕಲ್ಲು, ಒಂದು ತಗಡಿನ ಪೆಟ್ಟಿಗೆ, ಒಂದು ರಿಜಿಸ್ಟರು, ಮರದ ಹಿಡಿಯ ಒಂದು ದುಂಡನೆಯ ಮೊಹರು ಇವಿಷ್ಟೂ ನನ್ನ ಆಯುಧಗಳು.

ಹಳ್ಳಿಗಳಲ್ಲಿ ನನಗಿದ್ದ ಗೌರವವನ್ನು ವರ್ಣಿಸುವುದು ಕಷ್ಟ. ಕೆರೆಯ ಏರಿಯ ಮೇಲೆ ನನ್ನ ಸೈಕಲ್ಲಿನ ಗಂಟೆ ಕೇಳಿದರೆ ಸಾಕು, ಊರಿನ ಮಕ್ಕಳೆಲ್ಲ ಮಾಯವಾಗುತ್ತಿದ್ದರು. ರಾಗಿ ತುಂಬುವ ದೊಡ್ಡ ದೊಡ್ಡ ಮಣ್ಣಿನ ವಾಡೆಗಳಿದ್ದುವಲ್ಲ, ಅವುಗಳೊಳಗೆ ಮಕ್ಕಳನ್ನು ಇಳಿಸಿ ಮುಚ್ಚಳ ಹಾಕಿಬಿಡುತ್ತಿದ್ದರು. ಒಮ್ಮೆ ಒಬ್ಬ ಅಜ್ಜಿ ಬಾಗಿಲಲ್ಲಿ ಕೈ ಅಡ್ಡ ಇಟ್ಟು, "ನಮ್ಮನೇಲಿ ಮಕ್ಳೇ ಇಲ್ಲ ಸಾಮಿ, ನನ್ ಸೊಸೆ ಬಂಜೆ" ಎಂದಳು. ಅವಳ ಹಿಂದೆ ವಾಡೆ ಸೀನಿತು. ಅಜ್ಜಿ ಮುಖದ ಒಂದು ನೆರಿಗೆಯನ್ನೂ ಅಲ್ಲಾಡಿಸದೆ, "ಇಲಿ" ಎಂದಳು. ನಾನೂ ರಿಜಿಸ್ಟರಿನಲ್ಲಿ ಏನೂ ಬರೆಯದೆ ಮುಂದಿನ ಮನೆಗೆ ಹೋದೆ.

ಅವರನ್ನು ತಪ್ಪು ಎನ್ನುವುದಕ್ಕೂ ಆಗದು. ಸಿಡುಬೆಂದರೆ ಅಮ್ಮ. ಅಮ್ಮ ತಾನಾಗಿ ಬರಬೇಕಾದ ಕಡೆಗೆ ಸರ್ಕಾರದವನೊಬ್ಬ ಸೈಕಲ್ಲಿನಲ್ಲಿ ಬಂದು ಅವಳನ್ನು ಗೀರಿ ಕೂರಿಸುತ್ತೇನೆ ಎಂದರೆ ಯಾರಿಗೆ ತಾನೇ ಸರಿ ಕಂಡೀತು? ಕ್ಯಾಸಂಬಳ್ಳಿಯ ಹತ್ತಿರದ ಒಂದು ಹಳ್ಳಿಯಲ್ಲಂತೂ ಖಡಾಖಂಡಿತವಾಗಿ ಹೇಳಿಬಿಟ್ಟರು: ಮಾರಮ್ಮ ಬಲಗಡೆ ಹೂ ಕೊಟ್ಟರೆ ದಾಕು, ಇಲ್ಲದಿದ್ದರೆ ಇಲ್ಲ. ಹೂ ಕೇಳುವ ಪದ್ಧತಿ ನಿಮಗೆ ಗೊತ್ತಿರಬಹುದು. ಅಮ್ಮನ ಎರಡು ಭುಜಕ್ಕೂ ಒದ್ದೆ ಹೂವನ್ನು ಅಂಟಿಸುತ್ತಾರೆ. ಪ್ರಶ್ನೆ ಕೇಳಿ ಮಂಗಳಾರತಿ ಎತ್ತುತ್ತಾರೆ. ಬಲಗಡೆಯದು ಮೊದಲು ಬಿದ್ದರೆ ಆಗಲಿ ಎಂದು ಅರ್ಥ, ಎಡಗಡೆಯದು ಬಿದ್ದರೆ ಬೇಡ ಎಂದು ಅರ್ಥ. ನಾನು ಮೂರು ಸಲ ಹೋದೆ, ಮೂರು ಸಲವೂ ಎಡಗಡೆಯದೇ ಬಿತ್ತು. ನಾಲ್ಕನೆಯ ಸಲ ಪೂಜಾರಿ ಮುನಿವೆಂಕಟಪ್ಪ ನನ್ನನ್ನು ಗುಡಿಯ ಹಿಂದಕ್ಕೆ ಕರೆದ.

"ಸಾಮಿ, ನಿಮ್ ಮೊಹರಿಂದು ಒಂದ್ ಕಾಗ್ದ ಕೊಡ್ತೀರಾ?" ಎಂದ.

ಗುಡಿಯ ಪಕ್ಕದ ಜಾಗ ಯಾರದೆಂದು ಕಂದಾಯದ ಶೇಕ್‌ದಾರರು ಆಗಾಗ ಬಂದು ಅವನನ್ನು ಗದರಿಸುತ್ತಿದ್ದರಂತೆ. ಸರ್ಕಾರದ ಮೊಹರಿರುವ ಯಾವುದಾದರೂ ಕಾಗದ ಅಮ್ಮನ ಪೆಟ್ಟಿಗೆಯಲ್ಲಿದ್ದರೆ ಅವನಿಗೆ ಧೈರ್ಯ. ನಾನು ಅಲ್ಲೇ ಕುಳಿತು, "ಈ ಗ್ರಾಮದ ಮಾರಮ್ಮನವರು ಸಿಡುಬು ನಿವಾರಣಾ ಕಾರ್ಯದಲ್ಲಿ ಇಲಾಖೆಗೆ ಸಹಕರಿಸಿರುತ್ತಾರೆ" ಎಂದು ಬರೆದು, ಮೊಹರು ಒತ್ತಿ ಕೊಟ್ಟೆ. ಅರ್ಧ ಗಂಟೆಯಲ್ಲಿ ಬಲಗಡೆಯ ಹೂ ಬಿತ್ತು. ಊರಿನ ವಾಡೆಗಳ ಮುಚ್ಚಳ ತೆರೆದುವು. ಆಮೇಲೆ ಶೇಕ್‌ದಾರರು ಬಂದಾಗ ಪೂಜಾರಿ ಆ ಕಾಗದವನ್ನು ತೋರಿಸಿದನಂತೆ. ಅವರು ಮೊಹರನ್ನು ನೋಡಿ, ಒಕ್ಕಣೆಯನ್ನು ಓದದೆ, ಅಮ್ಮನಿಗೆ ಕೈಮುಗಿದು ಹೋದರಂತೆ. ನನ್ನ ಮೂರು ಅಪನಂಬಿಕೆಗಳಲ್ಲಿ ಎರಡನ್ನು ಒಂದೇ ಕಾಗದದಲ್ಲಿ ಸಾಬೀತು ಮಾಡಿದೆನೆಂದು ನಾನು ಹಿಗ್ಗಿದೆ.

ಹೂ ಬೀಳುವ ಗುಟ್ಟನ್ನೂ ಕಂಡುಹಿಡಿದಿದ್ದೆ. ಬಲಗಡೆಯದು ಬೀಳಬೇಕಾದರೆ ಮುನಿವೆಂಕಟಪ್ಪ ಆ ಹೂವನ್ನು ಬರೀ ನೀರಿನಲ್ಲೂ ಎಡಗಡೆಯದನ್ನು ಅರಿಸಿನದ ಮುದ್ದೆಯಲ್ಲೂ ಅಂಟಿಸಿ, ಆರತಿಯ ದೀಪವನ್ನು ಬಲಗಡೆಗೆ ತುಸು ಹೆಚ್ಚು ಹೊತ್ತು ಹಿಡಿಯುತ್ತಿದ್ದ. ಶಾಖಕ್ಕೆ ನೀರು ಆರುತ್ತಿತ್ತು, ಹೂ ಬೀಳುತ್ತಿತ್ತು. ಮನೆಗೆ ಬಂದು ನನ್ನ ಹೆಂಡತಿ ಸಾವಿತ್ರಿಗೆ ಇದನ್ನೆಲ್ಲ ವಿಜ್ಞಾನದ ಪಾಠದಂತೆ ವಿವರಿಸಿದೆ. ಅವಳು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಳು. ನಾಲ್ಕನೆಯ ಕ್ಲಾಸಿನವರೆಗೆ ಓದಿದ ಹೆಂಗಸು. ಅಗಸನಿಗೆ ಹಾಕಿದ ಬಟ್ಟೆಯ ಪಟ್ಟಿಯನ್ನು ದುಂಡು ದುಂಡಾಗಿ ಬರೆಯುತ್ತಿದ್ದಳು. "ಎಷ್ಟು ಹೊತ್ತು ಹಿಡೀತಾನೆ?" ಎಂದು ಕೇಳಿದಳು. ನನ್ನ ಪಾಠವನ್ನು ಒಬ್ಬರಾದರೂ ಗಮನವಿಟ್ಟು ಕೇಳುತ್ತಾರಲ್ಲ ಎಂದು ಸಂತೋಷವಾಯಿತು.

ಈಗ ನಿಜವಾದ ತಪ್ಪೊಪ್ಪಿಗೆಗೆ ಬರುತ್ತೇನೆ. ನನ್ನ ಮಗಳು ನಾಗುವಿಗೆ ಆಗ ಎರಡು ತುಂಬಿತ್ತು, ಅವಳ ತೋಳು ಬರಿದಾಗಿತ್ತು. ತಾಲ್ಲೂಕಿನ ಮಕ್ಕಳನ್ನೆಲ್ಲ ಹಿಡಿದು ಗೀರಿದ ನಾನು ಸ್ವಂತ ಮಗಳಿಗೆ ದಾಕು ಹಾಕಿರಲಿಲ್ಲ. ಮೊದಲು ಹಲ್ಲು ಬರುತ್ತಿದೆ ಎಂದೆ. ಆಮೇಲೆ ನೆಗಡಿ ಎಂದೆ. ಆಮೇಲೆ ಸೆಕೆ, ಆಮೇಲೆ ಚಳಿ, ಒಂದು ಸಲ ನಾಚಿಕೆಯಿಲ್ಲದೆ ಆಷಾಢ ಎಂದೂ ಹೇಳಿದೆ. ಸಾವಿತ್ರಿ, "ಊರ ಮಕ್ಕಳಿಗೆಲ್ಲ ಹಾಕ್ತೀರಿ, ಇವಳಿಗೂ ಒಂದು ಹಾಕೀಂದ್ರೆ" ಎಂದು ಪ್ರತಿ ತಿಂಗಳೂ ಹೇಳುತ್ತಿದ್ದಳು. ಹೊರಗೆ ಯಾರಾದರೂ ಕೇಳಿದರೆ ನಾನು, "ಏನು ಮಾಡುವುದು, ಮನೆಯಲ್ಲಿ ಹೆಂಗಸರು ಹೆದರುತ್ತಾರೆ" ಎನ್ನುತ್ತಿದ್ದೆ. ರಿಜಿಸ್ಟರಿನಲ್ಲಿ ಮಾತ್ರ ಅವಳ ಹೆಸರಿನ ಮುಂದೆ "ಹಾಕಿದೆ, ಫಲಿಸಿದೆ" ಎಂದು ಒಂದು ವರ್ಷದ ಹಿಂದೆಯೇ ಬರೆದಾಗಿತ್ತು.

ಹೆದರಿಕೆಗೆ ಕಾರಣ ಬೇತಮಂಗಲದ ಕಡೆಯ ಒಂದು ಮಗು. ನಾನು ದಾಕು ಹಾಕಿದ ಮೇಲೆ ಅದರ ತೋಳು ಭುಜದವರೆಗೆ ಊದಿ, ಎಂಟು ದಿನ ಜ್ವರ ಬಂತು. ನಾನು ದಿನಾ ಸೈಕಲ್ ತುಳಿದು ಹೋಗಿ ನೋಡಿ ಬರುತ್ತಿದ್ದೆ. ಅದರ ತಾಯಿ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ದಿನಾ ಒಂದು ಲೋಟ ಮಜ್ಜಿಗೆ ತಂದು ಮುಂದೆ ಇಟ್ಟು, "ಬಿಸಿಲಾಗ್ ಬಂದಿದ್ದೀರಿ, ಕುಡೀರಿ" ಎನ್ನುತ್ತಿದ್ದಳು. ಮಗು ಗುಣವಾಯಿತು. ಆದರೆ ಆ ಮಜ್ಜಿಗೆ ನನ್ನ ಗಂಟಲಲ್ಲಿ ಇನ್ನೂ ಇಳಿದಿಲ್ಲ. ಆಮೇಲಿಂದ ನಾಗುವಿನ ತೋಳನ್ನು ಕಂಡಾಗಲೆಲ್ಲ ಪೆಟ್ಟಿಗೆಯ ಮುಚ್ಚಳ ಹಾಕಿಬಿಡುತ್ತಿದ್ದೆ. ಮದ್ದು ಒಳ್ಳೆಯದೆಂದು ನನಗೆ ಗೊತ್ತಿತ್ತು. ಅದು ರೈಲಿನಿಂದಿಳಿದು, ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು, ನನ್ನ ಪೆಟ್ಟಿಗೆಯಲ್ಲಿ ಬಿಸಿಲಲ್ಲಿ ಬೇಯುತ್ತ ಬರುವುದೂ ಗೊತ್ತಿತ್ತು. ಎರಡೂ ಗೊತ್ತಿರುವವನ ಪಾಡು ಏನೂ ಗೊತ್ತಿಲ್ಲದವನ ಪಾಡಿಗಿಂತ ಕಷ್ಟ.

ಹೀಗಿರುವಾಗ ಗಣಿಯ ಪಕ್ಕದ ಆಂಡರ್ಸನ್‌ಪೇಟೆಯಲ್ಲಿ ಅಮ್ಮ ಕಾಣಿಸಿಕೊಂಡಳೆಂದು ಸುದ್ದಿ ಬಂತು. ಅದರ ಹಿಂದೆಯೇ ನಮ್ಮ ಇಲಾಖೆಯ ಇನ್‌ಸ್ಪೆಕ್ಟರ ಹುಕುಂ ಬಂತು: ಹದಿನೈದು ದಿನದಲ್ಲಿ ತನಿಖೆಗೆ ಬರುತ್ತೇವೆ, ದಾಕು ಹಾಕುವವರ ಸ್ವಂತ ಮನೆಯಿಂದಲೇ ಶುರು ಮಾಡುತ್ತೇವೆ. ನನಗೆ ಊಟ ಸೇರದಾಯಿತು. ದಾಕು ಹಾಕಿದರೆ ಜ್ವರದ ಭಯ, ಹಾಕದಿದ್ದರೆ ಸಿಡುಬಿನ ಭಯ, ಎರಡರ ನಡುವೆ ನೌಕರಿಯ ಭಯ. ನಾಗು ಬೀದಿಯಲ್ಲಿ ಯಾವ ಮಗುವಿನ ಜೊತೆ ಆಡಿದರೂ ಆ ಮಗುವಿನ ನೆಂಟರು ಆಂಡರ್ಸನ್‌ಪೇಟೆಯಲ್ಲಿದ್ದಾರೆಯೇ ಎಂದು ವಿಚಾರಿಸುತ್ತಿದ್ದೆ. ದಿನಕ್ಕೆ ಹತ್ತು ಸಲ ಅವಳ ಹಣೆ ಮುಟ್ಟಿ ನೋಡಿ, ಬಿಸಿಯಿರುವುದು ಅವಳ ಹಣೆಯೋ ನನ್ನ ಕೈಯೋ ತಿಳಿಯದೆ ನನ್ನ ಹಣೆಯನ್ನೂ ಮುಟ್ಟಿಕೊಳ್ಳುತ್ತಿದ್ದೆ.

ಶುಕ್ರವಾರದ ಸಂತೆಯಲ್ಲಿ ಒಬ್ಬ ವೈದ್ಯ ಕೂರುತ್ತಿದ್ದ. ಮೂರು ಭಾಷೆಯನ್ನೂ ಕಲಸಿ ಮಾತಾಡುವವನು. ಅವನ ಹತ್ತಿರ "ಶೀತಲಾ ತೈಲ" ಎಂಬುದಿತ್ತು. ಹಚ್ಚಿದರೆ ಸಿಡುಬು ಮೂರು ಬೀದಿ ಆಚೆಯೇ ನಿಲ್ಲುತ್ತದಂತೆ, ಸೂಜಿಯಿಲ್ಲ, ಗೀರಿಲ್ಲ. ಅವನನ್ನು ನಾನು ಹೋಟೆಲಿನಲ್ಲಿ ಎಷ್ಟು ಆಡಿಕೊಂಡಿದ್ದೆನೋ ಲೆಕ್ಕವಿಲ್ಲ. ಆ ಶುಕ್ರವಾರ ಟವಲನ್ನು ತಲೆಗೆ ಸುತ್ತಿಕೊಂಡು ಹೋಗಿ ಅವನ ಮುಂದೆ ನಿಂತೆ. ಅವನು ಸೀಸೆ ಕೊಡುತ್ತ ನನ್ನನ್ನೇ ದಿಟ್ಟಿಸಿ, "ದಾಕು ಸಾಮಿ ಅಲ್ವಾ ನೀವು? ಬಿಡಿ, ಯಾರ್ಗೂ ಏಳಲ್ಲ. ದೊಡ್ ದೊಡ್ಡೋರೂ ಇಂಗೇ ಬತ್ತಾರೆ" ಎಂದ.

ಹಿತ್ತಲಿನಲ್ಲಿ ಯಾರಿಗೂ ಕಾಣದಂತೆ ನಾಗುವಿನ ಕೈಕಾಲಿಗೆ ಹಚ್ಚಿದೆ. ಬೇವು, ಕರ್ಪೂರ, ಹರಳೆಣ್ಣೆ ಮೂರೂ ಕೊಳೆತಂಥ ವಾಸನೆ. ಕಾಣದಂತೆ ಮಾಡಬಹುದು, ನಾರದಂತೆ ಮಾಡುವುದು ಹೇಗೆ? ಸಾವಿತ್ರಿ ಮಗುವನ್ನು ಎತ್ತಿಕೊಂಡು ಒಂದು ಸಲ ಮೂಸಿದಳು. ನನ್ನ ಮುಖ ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು. ಸೀಗೆಪುಡಿ ತಂದು ಮಗುವನ್ನು ಉಜ್ಜಿ ತೊಳೆದು, ಒರೆಸುತ್ತ, ಮೆಲ್ಲಗೆ, "ಒಂದು ಕೆಲಸ ಮಾಡಿ. ಮಂಗಳವಾರ ಹೋಗಿ ಆ ಮಾರಮ್ಮನ್ನ ಒಂದು ಮಾತು ಕೇಳ್ಕೊಂಡು ಬನ್ನಿ. ಎಡಗಡೆ ಕೊಟ್ರೆ ನಾನಿನ್ನು ಆ ಮಾತೇ ಎತ್ತಲ್ಲ" ಎಂದಳು. ಅದೇ ಹೊತ್ತಿಗೆ ಸಂತೆಗೆ ಕರ್ಪೂರ ಕೊಳ್ಳಲು ಬಂದಿದ್ದ ಮುನಿವೆಂಕಟಪ್ಪ ಎಂದಿನಂತೆ ನಮ್ಮ ಜಗಲಿಗೆ ಮಜ್ಜಿಗೆಗೆ ಬಂದ. ಅವನ ಮುಖ ನೋಡಲು ನಾಚಿಕೆಯಾಗಿ ನಾನು ಹಿತ್ತಲಲ್ಲೇ ಉಳಿದೆ.

ಮಂಗಳವಾರ ಬೆಳಿಗ್ಗೆ ಗುಡಿಗೆ ಹೋದೆ. ಹೆಂಡತಿಯ ಸಮಾಧಾನಕ್ಕಾಗಿ ಹೋಗುತ್ತಿದ್ದೇನೆಂದು ದಾರಿಯುದ್ದಕ್ಕೂ ಸೈಕಲ್ಲಿಗೆ ಹೇಳುತ್ತಿದ್ದೆ. ಗುಡಿಯಲ್ಲಿ ಯಾರೂ ಇರಲಿಲ್ಲ. ಪೂಜಾರಿಯ ಕಿವಿಯಲ್ಲಿ, "ಮುನಿವೆಂಕಟಪ್ಪ, ಇವತ್ತು ಕೈಚಳಕ ಬೇಡ. ಎರಡು ಕಡೆಗೂ ನೀರಿನಲ್ಲೇ ಅಂಟಿಸು, ದೀಪ ಎರಡು ಕಡೆಗೂ ಸಮನಾಗಿ ಹಿಡಿ. ಇದು ನನ್ನ ಮಗಳ ವಿಷಯ" ಎಂದೆ.

ಅವನಿಗೆ ಬೇಸರವಾದಂತೆ ಕಂಡಿತು. "ನಾನೇನ್ ಮಾಡ್ದೆ ಸಾಮಿ? ದೀಪ ಇಡಿಯೋದು ನಾನು, ಊವ ಬೀಳ್ಸೋದು ಆಯಮ್ಮ. ನಾನ್ ಎಷ್ಟೊತ್ತು ಇಡಿದ್ರೂ ಒಂದೊಂದ್ ಸಲ ಬೀಳಕಿಲ್ಲ. ಅದು ನಿಮ್ಗೆ ಗೊತ್ತಿಲ್ಲ" ಎಂದ.

ಅವನು ಆರತಿ ಎತ್ತಿದ. ಹೂ ಬೀಳಲಿಲ್ಲ. ದೀಪ ಯಾವ ಕಡೆಗೆ ಎಷ್ಟು ಹೊತ್ತು ಇದೆಯೆಂದು ಲೆಕ್ಕ ಹಾಕಬೇಕೆಂದು ಹೋದವನು ಲೆಕ್ಕವನ್ನೇ ಮರೆತೆ. ಎರಡು ಹೂವೂ ಅಲ್ಲಾಡದೆ ಕುಳಿತಿದ್ದುವು. ಎಡಗಡೆಯ ಎಸಳೊಂದು ನಡುಗಿದಂತಾಯಿತು. ಬಾಯಿಂದ ನನಗೇ ತಿಳಿಯದೆ, "ಅಮ್ಮಾ, ನನ್ನ ಮಗು ತಾಯಿ" ಎಂಬ ಮಾತು ಬಂತು. ಆಗ ಬಲಗಡೆಯ ಹೂ ಬಿತ್ತು. ನಾನು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟೆ. ಸುಖ ಎಂಬುದು ಅದಕ್ಕಿಂತ ಹೆಚ್ಚಾಗಿ ನನಗೆ ಆಮೇಲೆ ಯಾವತ್ತೂ ಆಗಿಲ್ಲ.

ಅದೇ ದಿನ ಮಧ್ಯಾಹ್ನ ನಾಗುವಿಗೆ ದಾಕು ಹಾಕಿದೆ. ಸಾವಿತ್ರಿ ತೋಳು ಹಿಡಿದುಕೊಂಡಳು. ಮಗು ಕಿರುಚಿದ್ದು ಒಂದು ಕ್ಷಣ, ನಾನು ಕಣ್ಣೊರೆಸಿಕೊಂಡದ್ದು ಬಹಳ ಹೊತ್ತು. ಐದನೆಯ ದಿನ ಸ್ವಲ್ಪ ಜ್ವರ ಬಂತು. ನಾನು ಮಲಗಿದೆ, ಮಗು ಅಂಗಳದಲ್ಲಿ ಆಡುತ್ತಿತ್ತು. ತೋಳಿನಲ್ಲಿ ಎಲ್ಲ ಮಕ್ಕಳಿಗೂ ಏಳುವಂಥ ಬೊಕ್ಕೆ ಎದ್ದು, ಎಲ್ಲ ಮಕ್ಕಳದ್ದೂ ಒಣಗುವಂತೆ ಒಣಗತೊಡಗಿತು.

ಇನ್‌ಸ್ಪೆಕ್ಟರು ಬಂದರು. ಹಸಿ ಹಕ್ಕಳೆ ಕಟ್ಟಿದ್ದ ತೋಳನ್ನು ನೋಡಿದರು, ವರ್ಷದ ಹಿಂದಿನ ತಾರೀಖಿದ್ದ ರಿಜಿಸ್ಟರನ್ನು ನೋಡಿದರು. "ನಿಮ್ಮ ಮದ್ದು ಬಹಳ ನಿಧಾನವಾಗಿ ಕೆಲಸ ಮಾಡುತ್ತದಲ್ಲ" ಎಂದರು. ಸಹಿ ಹಾಕಲು ಅವರು ನನ್ನ ಪಕ್ಕಕ್ಕೆ ಬಾಗಿದಾಗ ಕೋಟಿನೊಳಗಿನಿಂದ ಬೇವು, ಕರ್ಪೂರ, ಹರಳೆಣ್ಣೆಯ ವಾಸನೆ ಬಂತು. ನಾನು ಮೂಗು ಅರಳಿಸಿದ್ದನ್ನು ಅವರು ಕಂಡರು. ಬೇರೆ ಪ್ರಶ್ನೆಯೇನೂ ಕೇಳದೆ ಸಹಿ ಮಾಡಿ ಹೊರಟರು.

ಎರಡು ವರ್ಷದ ಮೇಲೆ ನನಗೆ ಬೇರೆ ತಾಲ್ಲೂಕಿಗೆ ವರ್ಗವಾಯಿತು. ಹೇಳಿಹೋಗೋಣವೆಂದು ಗುಡಿಗೆ ಹೋದೆ. ಆ ಹೊತ್ತಿಗೆ ನಾನು ಹೋಟೆಲಿನಲ್ಲಿ ಉಪದೇಶ ನಿಲ್ಲಿಸಿದ್ದೆ. ನನ್ನ ಕಣ್ಣೆದುರಿಗೆ, ಯಾವ ಕೈಚಳಕವೂ ಇಲ್ಲದೆ ಬಿದ್ದ ಆ ಒಂದು ಹೂವಿನ ವಿಷಯದಲ್ಲಿ ನನ್ನ ಹತ್ತಿರ ಉತ್ತರವಿರಲಿಲ್ಲ. ಮುನಿವೆಂಕಟಪ್ಪ ಅಮ್ಮನ ಪೆಟ್ಟಿಗೆಯನ್ನು ತಂದು, "ಸಾಮಿ, ಮೊಹರು ಮಾಸೋಗೈತೆ. ಓಗೋ ಮುಂಚೆ ಒಸದಾಗಿ ಒತ್ಬುಟ್ಟು ಓಗಿ" ಎಂದು ಕಾಗದ ತೆಗೆದ. ನೋಡಿದರೆ ಎರಡು ಕಾಗದಗಳು. ಒಂದು ನಾನು ಬರೆದದ್ದು. ಇನ್ನೊಂದರ ಅಕ್ಷರಗಳು ದುಂಡು ದುಂಡಾಗಿದ್ದುವು, ಅಗಸನ ಪಟ್ಟಿಯ ಅಕ್ಷರಗಳು.

"ನಮ್ಮ ಯಜಮಾನರು ಮಂಗಳವಾರ ಬರುತ್ತಾರೆ. ದೀಪವನ್ನು ಬಲಗಡೆಗೆ ಹೆಚ್ಚು ಹೊತ್ತು ಹಿಡಿಯತಕ್ಕದ್ದು. ಅವರು ಬೇಡವೆಂದರೂ ಹಿಡಿಯತಕ್ಕದ್ದು."

ಕೆಳಗೆ ನನ್ನದೇ ದುಂಡನೆಯ ಮೊಹರು, ನಾನು ಒತ್ತುವುದಕ್ಕಿಂತ ನೇರವಾಗಿ ಒತ್ತಿತ್ತು.

"ಮಜ್ಜಿಗೆ ಕೊಡೋವಾಗ ಅಮ್ಮಾವ್ರೇ ಓದಿ ಏಳಿ ಕೊಟ್ರು" ಎಂದ ಮುನಿವೆಂಕಟಪ್ಪ, ತಪ್ಪು ಮಾಡಿದವನಂತೆ. "ನೀವ್ ಬ್ಯಾಡ ಅಂದ್ರಿ, ನಿಜ. ಆದ್ರೆ ಸರ್ಕಾರದ ಮೊಹರು ಇತ್ತಲ್ಲ ಸಾಮಿ, ನಾನೇನ್ ಮಾಡ್ಲಿ?"

ನಾನೂ ಏನು ಮಾಡಲಿ? ಪೆಟ್ಟಿಗೆಯಿಂದ ಮೊಹರು ತೆಗೆದು, ಮಸಿ ಹಚ್ಚಿ, ಎರಡು ಕಾಗದಕ್ಕೂ ಹೊಸದಾಗಿ ಒತ್ತಿಕೊಟ್ಟೆ.