ಹತ್ತು ನಿಮಿಷ ಮುಂದಿರುವ ಮಾವ

ನಮ್ಮ ಸೋದರಮಾವ ಹಲಸೂರಿನಲ್ಲಿ ಇದ್ದಾರೆ ಎಂದು ನಂಟರೆಲ್ಲ ನಂಬಿದ್ದಾರೆ. ಅದು ಪೂರ್ತಿ ನಿಜವಲ್ಲ. ನೀವು ಹಲಸೂರಿಗೆ ಹೋಗಿ ಮುಟ್ಟುವಷ್ಟರಲ್ಲಿ ಅವರು ಅಲ್ಲಿಂದ ಹೊರಟಿರುತ್ತಾರೆ!

ಅವರ ಮನೆಯ ಗೋಡೆ ಗಡಿಯಾರ, ಕೈಗಡಿಯಾರ, ಅಡುಗೆಮನೆಯ ಟೈಮ್‌ಪೀಸು, ಫೋನು, ಎಲ್ಲವೂ ಹತ್ತು ನಿಮಿಷ ಮುಂದೆ. ಮುಂದಿಟ್ಟವರೇ ಅವರು. ಹಾಗಾದರೆ ಹೊತ್ತು ನೋಡುವಾಗ ಆ ಹತ್ತು ನಿಮಿಷ ಕಳೆಯಬಾರದೇ? ಕಳೆಯುವಷ್ಟು ಪುರುಸೊತ್ತು ಅವರಿಗೆಲ್ಲಿದೆ! ಶಿವಾಜಿನಗರದ ಬಸ್ ನಿಲ್ದಾಣದಲ್ಲಿ ಸೀಟಿ ಊದಿ ಬಸ್ಸು ಹೊರಡಿಸುವುದು ಅವರ ಕೆಲಸವಾಗಿತ್ತು. ಅವರ ಡ್ಯೂಟಿಯ ದಿನ ಡ್ರೈವರುಗಳು ಅರ್ಧ ಟೀ ಚೆಲ್ಲಿ ಓಡಿ ಬಂದು ಬಸ್ಸು ಹತ್ತುತ್ತಿದ್ದರಂತೆ. ನಿವೃತ್ತಿಯ ದಿನ ಸೀಟಿಯನ್ನು ವಾಪಸ್ಸು ಕೊಟ್ಟು ಬಂದರು. ಅವಸರವನ್ನು ಮಾತ್ರ ಕೊಡಲು ಮರೆತರು.

ಒಮ್ಮೆ ದೊಡ್ಡನೆಕ್ಕುಂದಿಯ ಮದುವೆಯೊಂದಕ್ಕೆ ಎಷ್ಟು ಬೇಗ ಹೋದರೆಂದರೆ, ಅಲ್ಲಿ ಇನ್ನೂ ಕುರ್ಚಿ ಇಳಿಸುತ್ತಿದ್ದರು. ಮಾವನೂ ಕೈಹಚ್ಚಿ ಕುರ್ಚಿ ಇಳಿಸಿದರು, ಅಡುಗೆಯವರ ಜೊತೆ ಕೂತು ಹುರುಳಿಕಾಯಿ ನಾರು ತೆಗೆದರು, ಮುಯ್ಯಿ ಕವರನ್ನು ಹುಡುಗಿಯ ಅಪ್ಪನ ಜೇಬಿಗೆ ತುರುಕಿ ಮುಹೂರ್ತಕ್ಕೆ ಮುಂಚೆಯೇ ಮನೆಗೆ ಬಂದರು. ಊಟ ಎಲ್ಲಿ ಎಂದು ಕೇಳಿದರೆ, ಹುಳಿ ಇನ್ನೂ ಕುದಿಯುತ್ತಿತ್ತು, ಯಾರು ಕಾಯುತ್ತಾರೆ ಎಂದು ನಮ್ಮನ್ನೇ ಗದರಿಸಿದರು.

ಈ ಓಟಕ್ಕೆ ಇದ್ದ ಒಂದೇ ಬ್ರೇಕು ನಮ್ಮ ಅತ್ತೆಯ ಗಂಟಲು. ಅತ್ತೆ ಒಳಗಿನಿಂದ ಒಮ್ಮೆ ಕೂಗಿದರೆ ಮಾವ ಬೀದಿಯ ಕೊನೆಯಲ್ಲಿದ್ದರೂ ನಿಲ್ಲುತ್ತಿದ್ದರು. ಮೇ ತಿಂಗಳಲ್ಲಿ ಆ ಗಂಟಲಿನಲ್ಲಿ ಎದ್ದಿದ್ದ ಗಂಟನ್ನು ಆಪರೇಷನ್ ಮಾಡಿ ತೆಗೆದರು. ಗಂಟು ಹೋಯಿತು, ಅದರ ಹಿಂದೆಯೇ ಸ್ವರವೂ ಹೋಯಿತು. ಬಾಯಿ ತೆರೆದರೆ ಬರೀ ಉಸಿರು. ನರಕ್ಕೆ ಪೆಟ್ಟಾಗಿದೆ, ನವೆಂಬರ್‌ವರೆಗೆ ಕಾಯೋಣ, ಅಷ್ಟರಲ್ಲಿ ಸ್ವರ ಬಂದರೆ ಬಂತು ಎಂದರು ಡಾಕ್ಟರು. ಕಾಯಬೇಕಂತೆ! ಅದೂ ನಮ್ಮ ಮಾವ!

ಅಂದಿನಿಂದ ಅತ್ತೆ ಬೈಯುವುದೆಲ್ಲ ಬರಹದಲ್ಲಿ. ದಿನಕ್ಕೊಂದು ಹಾಳೆಯ ಕ್ಯಾಲೆಂಡರನ್ನು ಮಾವ ಹಿಂದಿನ ದಿನವೇ ಹರಿದಿಡುತ್ತಾರಲ್ಲ, ಆ ಹಾಳೆಗಳ ಬೆನ್ನಿಗೆ ಬರೆಯುತ್ತಾರೆ. ಕಷ್ಟವೆಂದರೆ, ಬರೆದು ಮುಗಿಸುವಷ್ಟರಲ್ಲಿ ಬೈಸಿಕೊಳ್ಳಬೇಕಾದವರು ಗೇಟು ದಾಟಿರುತ್ತಾರೆ.

ಜುಲೈ ತಿಂಗಳ ಒಂದು ಮಂಗಳವಾರ ಮಧ್ಯಾಹ್ನ ಮಾವನ ಫೋನು ಬಂತು. "ವೈಫೈ ಸಿಕ್ಕಿದೆ ಅಂತ ತೋರಿಸ್ತಾ ಇದೆ, ಆದ್ರೆ ಇಂಟರ್‌ನೆಟ್ ಇಲ್ಲ ಅಂತಿದೆ ಕಣಮ್ಮ. ನಲ್ಲಿ ಇದೆ, ನೀರಿಲ್ಲ. ಬೇಗ ಬಾ," ಎಂದವರು ನಾನು ಹ್ಞೂಂ ಅನ್ನುವ ಮೊದಲೇ ಇಟ್ಟುಬಿಟ್ಟರು. ಅಂದು ನಾಲ್ಕು ಗಂಟೆಗೆ ಸ್ವರದ ವ್ಯಾಯಾಮ ಹೇಳಿಕೊಡುವ ಮೇಡಂ ವಿಡಿಯೋದಲ್ಲಿ ಬರುವವರಿದ್ದರು. ಅತ್ತೆಯ ಸ್ವರ ಎಷ್ಟು ಮರಳಿದೆ ಎಂದು ಮೊದಲ ಸಲ ಅಳೆಯುವ ದಿನ ಅದು. ಕ್ಲಿನಿಕ್ಕಿನ ಆ್ಯಪು, ಅದರಲ್ಲಿ ವಾರವಾರವೂ ರೆಕಾರ್ಡ್ ಮಾಡಿಟ್ಟ ಅತ್ತೆಯ ಉಸಿರಿನ ಸದ್ದು, ಎಲ್ಲ ಇದ್ದದ್ದು ಮಾವನ ಫೋನಿನಲ್ಲೇ. ಹಾಗಾಗಿ ನನ್ನ ಫೋನು ಕೊಟ್ಟು ಕೈತೊಳೆದುಕೊಳ್ಳುವ ಹಾಗಿರಲಿಲ್ಲ. ಆಫೀಸಿಗೆ ಅರ್ಧ ದಿನ ರಜೆ ಹೇಳಿ ದೊಮ್ಮಲೂರಿನಿಂದ ಆಟೋ ಹತ್ತಿದೆ.

ಬಾಗಿಲಲ್ಲೇ ಅತ್ತೆ ನನ್ನ ಕೈಗೆ ನಾಲ್ಕು ಕ್ಯಾಲೆಂಡರ್ ಹಾಳೆ ಇಟ್ಟರು. ಬೆಳಗಿನಿಂದ ನಡೆದ ಪುರಾಣವೆಲ್ಲ ಅದರಲ್ಲಿತ್ತು.

ಮೊದಲ ಹಾಳೆ: ವೈಫೈ ಡಬ್ಬಿ ಆರಿಸಿ ಹಾಕಿದರು. ಅದರ ದೀಪಗಳೆಲ್ಲ ಹತ್ತಲು ಎರಡು ನಿಮಿಷ ಬೇಕು. ಇವರು ಎರಡನೇ ದೀಪಕ್ಕೇ ಬೇಸತ್ತು ಮತ್ತೆ ಆರಿಸಿದರು. ಹೀಗೆ ಹನ್ನೊಂದು ಸಲ. ಎರಡನೇ ಹಾಳೆ: ಫೋನಿನಿಂದ ವೈಫೈ ಹೆಸರನ್ನೇ ಅಳಿಸಿದರು, ಆಮೇಲೆ ಪಾಸ್‌ವರ್ಡ್ ಹುಡುಕಲು ಬೀರು ಖಾಲಿ ಮಾಡಿದರು. ಪಾಸ್‌ವರ್ಡ್ ಡಬ್ಬಿಯ ತಳದಲ್ಲೇ ಬರೆದಿತ್ತು. ಮೂರನೇ ಹಾಳೆ: ತಾರಸಿಗೆ ಹೋಗಿ ಕೇಬಲ್ ಅಲ್ಲಾಡಿಸಿ ಬಂದರು. ಕೇಬಲ್‌ನವನು ಬಂದು ತನ್ನ ಫೋನಿನಲ್ಲಿ ನೋಡಿ, ಲೈನು ಚೆನ್ನಾಗಿಯೇ ಇದೆ, ದೋಷ ನಿಮ್ಮ ಫೋನಿನದು ಎಂದ. ನಾಲ್ಕನೆಯದು: ಫೋನು ಹಿಡಿದು ಶಿವಾಜಿನಗರಕ್ಕೆ ಓಡಿದರು. ರಿಪೇರಿ ಅಂಗಡಿಯವನು, "ಕೂತ್ಕೊಳ್ಳಿ ಚಾಚಾ, ಐದೇ ನಿಮಿಷ ನೋಡಿ ಹೇಳ್ತೀನಿ," ಅಂದನಂತೆ. ಐದು ನಿಮಿಷವೇ? ಫೋನು ಕಸಿದುಕೊಂಡು ವಾಪಸ್ಸು ಬಂದರು.

ಹಾಳೆಯ ಕೊನೆಯಲ್ಲಿ ಎರಡು ಸಲ ಗೆರೆ ಎಳೆದು ಬರೆದಿತ್ತು: ಇವರನ್ನೂ ಸ್ವಲ್ಪ ರಿಪೇರಿ ಮಾಡು.

ಮಾವ ನಡುಮನೆಯಲ್ಲಿ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ ಶತಪಥ ಹಾಕುತ್ತಿದ್ದರು. ಮೂರೂವರೆ ಆಗಿತ್ತು. ನಾನು ಫೋನು ತೆರೆದೆ. ಮೆಸೇಜಿನ ಆ್ಯಪು ಒತ್ತಿದ ತಕ್ಷಣ, ನಿಮ್ಮ ಫೋನಿನ ತಾರೀಕು ಸರಿಯಿಲ್ಲ, ಸರಿಪಡಿಸಿ ಎಂದು ದೊಡ್ಡ ಅಕ್ಷರದಲ್ಲಿ ಬಂತು. ಬೆಳಗಿನಿಂದ ಇದು ಬರುತ್ತಿತ್ತೇ ಎಂದು ಕೇಳಿದೆ. ಏನೋ ಬರುತ್ತಿತ್ತು, ಓದುತ್ತಾ ಕೂತರೆ ಆಗುತ್ತದೆಯೇ, ಓಕೆ ಒತ್ತಿಬಿಡುತ್ತಿದ್ದೆ ಎಂದರು.

ತಾರೀಕು ನೋಡಿದೆ. ಹೊರಗೆ ಜುಲೈ. ಫೋನಿನಲ್ಲಿ ನವೆಂಬರ್!

ಗಡಿಯಾರ ಹತ್ತು ನಿಮಿಷ ಮುಂದಿದ್ದರೆ ಇಂಟರ್‌ನೆಟ್ಟು ಹೇಗೋ ಸಹಿಸಿಕೊಳ್ಳುತ್ತದೆ. ನಾಲ್ಕು ತಿಂಗಳು ಮುಂದೆ ಹೋದವರನ್ನು ನಂಬದೆ ಬಾಗಿಲು ಹಾಕಿಕೊಳ್ಳುತ್ತದೆ. ಅಷ್ಟೇ ಕಾಯಿಲೆ. ನನಗೆ ನಗು ತಡೆಯಲಾಗಲಿಲ್ಲ. "ಏನ್ ಮಾವ, ನಿಮಿಷ ಸಾಲದು ಅಂತ ಈಗ ತಿಂಗಳಿಗೇ ಕೈಹಾಕಿದ್ರಾ?" ಎಂದು ಛೇಡಿಸಿದೆ.

ಮಾವ ನಗಲಿಲ್ಲ. ಅಡುಗೆಮನೆಯ ಕಡೆ ಒಮ್ಮೆ ನೋಡಿ, ನನ್ನ ಹತ್ತಿರ ಬಂದು ದನಿ ತಗ್ಗಿಸಿದರು.

"ನಿನ್ನೆ ಸಂಜೆ ದೀಪ ಹಚ್ಚಿ, ದೇವ್ರ ಮುಂದೆ ಹಾಡೋಕೆ ಹೋದ್ಳಮ್ಮ. ಬರ್ಲಿಲ್ಲ. ಯಾರಾದ್ರೂ ನೋಡಿದ್ರೇನೋ ಅನ್ನೋ ಥರ ಆಕಡೆ ಈಕಡೆ ನೋಡಿ, ಎದ್ದು ಹೋದ್ಳು. ನಂಗೆ ತಡ್ಕೊಳ್ಳೋಕಾಗ್ಲಿಲ್ಲ. ಡಾಕ್ಟ್ರು ಹೇಳಿದ ದಿನ ಒಂದ್ಸಲ ಬಂದ್ಬಿಡ್ಲಿ ಅಂತ ಫೋನಲ್ಲಿ ಹಾಕಿ ನೋಡಿದೆ. ಹುಚ್ಚು ಅಂತ ಗೊತ್ತು. ವಾಪಸ್ ತಿರುಗ್ಸೋಕೆ ಮನಸ್ಸು ಬರ್ಲಿಲ್ಲ."

ನನ್ನ ನಗು ಅಲ್ಲೇ ನಿಂತಿತು. ತಾರೀಕು ಸರಿ ಮಾಡಿದೆ. ನವೆಂಬರ್ ಹೋಗಿ ಜುಲೈ ಬಂತು, ಇಂಟರ್‌ನೆಟ್ಟೂ ಬಂತು. ಮಾವ ಪರದೆಯನ್ನು ನೋಡಿ ಸುಮ್ಮನೆ ತಲೆಯಾಡಿಸಿದರು. ಫೋನು ಸರಿಹೋದದ್ದಕ್ಕೆ ಅಷ್ಟು ಬೇಜಾರಾದವರನ್ನು ನಾನು ಬೇರೆಲ್ಲೂ ನೋಡಿಲ್ಲ.

ನಾಲ್ಕಕ್ಕೆ ಸರಿಯಾಗಿ ಮೇಡಂ ಬಂದರು. ಅತ್ತೆ 'ಆ' ಎಂದು ಎಷ್ಟು ಹೊತ್ತು ಎಳೆಯುತ್ತಾರೋ ಮನೆಯವರು ಎಣಿಸಬೇಕು ಎಂದರು. ಅತ್ತೆ ಬಾಯಿ ತೆರೆದರು. ಬರೀ ಉಸಿರಲ್ಲ, ಅದರೊಳಗೆ ಒಂದು ಎಳೆ ಸ್ವರ ಇತ್ತು! ಮಾವ ಗಡಗಡನೆ ಎಣಿಸಿ ಒಂಬತ್ತು ಎಂದರು. ಮೇಡಂ ತಮ್ಮ ಗಡಿಯಾರ ನೋಡಿ ನಾಲ್ಕು ಎಂದರು. ಸಾರ್, ನಿಮ್ಮ ಸೆಕೆಂಡು ಸ್ವಲ್ಪ ಚಿಕ್ಕದು ಎಂದು ನಕ್ಕರು. ಅತ್ತೆಯೂ ನಕ್ಕರು.

ಎರಡನೇ ಸಲ ಸ್ವರ ಹೊರಡುತ್ತಿದ್ದಂತೆ ಒಡೆಯಿತು. ಮೂರನೇ ಸಲ ಅದೂ ಇಲ್ಲ. ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು, ಭುಜ ಅದುರುತ್ತಿತ್ತು. ಇನ್ನು ಮಾವ ಎದ್ದು ಶತಪಥ ಶುರುಮಾಡುತ್ತಾರೆ, ಬೇರೆ ಡಾಕ್ಟರು ಬೇರೆ ಆಸ್ಪತ್ರೆ ಎಂದು ಈಗಲೇ ಆಟೋ ತರುತ್ತಾರೆ ಎಂದುಕೊಂಡೆ.

ಮಾವ ಕುರ್ಚಿಯನ್ನು ಅತ್ತೆಯ ಪಕ್ಕಕ್ಕೆ ಎಳೆದು ಕೂತರು. ಬೆನ್ನು ಒರಗಿಸಿ, ಪೂರ್ತಿಯಾಗಿ ಕೂತರು.

"ಅವಸರ ಏನಿಲ್ಲ ಕಣೇ," ಎಂದರು. "ನವೆಂಬರ್‌ಗೆ ಬರ್ದಿದ್ರೆ ಬರೋ ವರ್ಷ ಬರ್ಲಿ. ಅದರ ಮುಂದಿನ ವರ್ಷ ಬರ್ಲಿ. ನಾನೆಲ್ಲಿಗೂ ಹೋಗಲ್ಲ."

ನನ್ನ ಕಣ್ಣು ತುಂಬಿ ಬಂತು. ಇನ್ನೊಮ್ಮೆ ಶುರು ಮಾಡೋಣವೇ ಎಂದು ಫೋನಿನಿಂದ ಮೇಡಂ ಮೆಲ್ಲಗೆ ಕೇಳಿದರು. ಅವಳಿಗೆ ಯಾವಾಗ ಆಗುತ್ತದೋ ಆಗ ಎಂದರು ಮಾವ, ಅತ್ತೆಯ ಮೇಲಿನ ಕಣ್ಣು ತೆಗೆಯದೆ. ನಾವು ಕಾದೆವು.